ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದವನ ಹಿಂದೆ ಇರುವವರನ್ನು ಹಿಡಿಯುವುದು ಯಾರ ಕೆಲಸ?

ಪ್ರಶ್ನೆ: ಮುಲುಂಡ್‌ವಾಸಿ

ಎಲ್ಲರಿಗೂ ನಮಸ್ಕಾರ. 2025ರ ಜೂನ್ ಆರಂಭದಲ್ಲಿ ನಮ್ಮ ಮುಂಬೈ ವಿಮಾನ ನಿಲ್ದಾಣದಲ್ಲಿ, ಥಾಯ್ಲೆಂಡಿನಿಂದ ಬಂದಿಳಿದ ಪ್ರಯಾಣಿಕನೊಬ್ಬನ ಸಾಮಾನಿನಲ್ಲಿ ಕಸ್ಟಮ್ಸ್ ಅಧಿಕಾರಿಗಳಿಗೆ 47 ವಿಷದ ಹಾವುಗಳೂ ಐದು ಆಮೆಗಳೂ ಸಿಕ್ಕಿದ ಸುದ್ದಿಯನ್ನು ಹಲವರು ಓದಿರಬಹುದು. ಆ ಹಾವುಗಳಲ್ಲಿ 44 ಇಂಡೋನೇಷ್ಯಾದ ಗುಳಿಮಂಡಲಗಳು. ಉಳಿದ ಮೂರು, ಬಾಲದ ತುದಿಯಲ್ಲಿರುವ ಜೇಡದಂಥ ಅಂಗವನ್ನು ಅಲ್ಲಾಡಿಸಿ ಹಕ್ಕಿಗಳನ್ನು ಹತ್ತಿರಕ್ಕೆ ಸೆಳೆಯುವ ಕೊಂಬಿನ ಮಂಡಲಗಳು. ಅವುಗಳ ತವರು ಇರಾನಿನ ಪಶ್ಚಿಮದ ಬೆಟ್ಟಗಳು. ಇರಾನಿನ ಬೆಟ್ಟದ ಹಾವೂ ಇಂಡೋನೇಷ್ಯಾದ ಹಾವೂ ಒಂದೇ ಪ್ರಯಾಣಿಕನ ಸಾಮಾನಿನಲ್ಲಿ ಥಾಯ್ಲೆಂಡಿನ ದಾರಿಯಾಗಿ ನಮ್ಮ ವಿಮಾನ ನಿಲ್ದಾಣಕ್ಕೆ ಬಂದು ಇಳಿಯಬೇಕಾದರೆ, ಹಿಡಿದವರು, ಕೂಡಿಟ್ಟವರು, ಕೊಟ್ಟು ಕಳಿಸಿದವರು, ಇಲ್ಲಿ ಕಾದು ನಿಂತವರು ಎಂದು ಎಷ್ಟು ಕೈಗಳು ಅದರಲ್ಲಿ ಸೇರಿರಬೇಕು ಎಂಬುದು ಅಂದಿನಿಂದ ನನ್ನ ತಲೆಯಲ್ಲಿ ಕುಳಿತಿದೆ. ಪತ್ರಿಕೆಯಲ್ಲಿ ಮಾತ್ರ ಸಿಕ್ಕಿಬಿದ್ದವನೊಬ್ಬನ ಸುದ್ದಿಯಷ್ಟೇ ಬರುತ್ತದೆ.

ಈ ವಿಷಯ ನಮ್ಮ ಮನೆಯೊಳಕ್ಕೂ ಬಂದದ್ದರಿಂದ ಬರೆಯುತ್ತಿದ್ದೇನೆ. ಪುಣೆಯಲ್ಲಿ ಓದುತ್ತಿರುವ ನನ್ನ ಅಕ್ಕನ ಮಗನಿಗೆ ಯಾರೋ ಒಬ್ಬ ಮೊಬೈಲಿನಲ್ಲಿ ಫೋಟೋ ಕಳಿಸಿ, ಬಾಲ್ ಪೈಥಾನ್ ಎಂಬ ಆಫ್ರಿಕಾದ ಹೆಬ್ಬಾವಿನ ಮರಿಯನ್ನು ಮನೆ ಬಾಗಿಲಿಗೆ ತಲುಪಿಸುವುದಾಗಿಯೂ, "ಕಾಗದ ಆಮೇಲೆ ಮಾಡಿಸಿದರಾಯಿತು" ಎಂದೂ ಹೇಳಿದ್ದಾನೆ. ಹುಡುಗ ನನ್ನನ್ನು ಕೇಳಿದ, ನಾನು ಬೇಡವೆಂದೆ, ಅವನು ಕೈಬಿಟ್ಟ. ಆದರೆ ಅವನು ಮರುಕ್ಷಣವೇ, "ಮಾವ, ಇವನನ್ನು ಹಿಡಿಯುವವರು ಯಾರು? ಅಲ್ಲಿಂದ ಕಳಿಸುವವನನ್ನು ಹಿಡಿಯುವವರು ಯಾರು?" ಎಂದು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ಅಳಿವಿನಂಚಿನ ಜೀವಿಗಳ ವ್ಯಾಪಾರಕ್ಕೆ ಸಂಬಂಧಿಸಿದ ಸೈಟೀಸ್ ಎಂಬ ಅಂತರರಾಷ್ಟ್ರೀಯ ಕಾನೂನು ಇದೆಯೆಂದೂ, ಇಂಟರ್‌ಪೋಲ್ ಇದರಲ್ಲಿ ಕೆಲಸ ಮಾಡುತ್ತದೆಯೆಂದೂ ಓದಿದ್ದೇನೆ. ಹಾಗಿದ್ದರೆ ಆ ಕಾನೂನಿನ ಪ್ರಕಾರ ಇಂಟರ್‌ಪೋಲಿನ ಪೊಲೀಸರು ಬ್ಯಾಂಕಾಕಿನ ವ್ಯಾಪಾರಿಯನ್ನು ಏಕೆ ಬಂಧಿಸುವುದಿಲ್ಲ? ದೇಶದೇಶಗಳ ನಡುವೆ ಇಂಥ ಮೊಕದ್ದಮೆ ವಾಸ್ತವದಲ್ಲಿ ಹೇಗೆ ನಡೆಯುತ್ತದೆ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕು.

ಉತ್ತರ: ಫೋರ್ಟ್‌ನ ವಕೀಲ

ಮುಲುಂಡ್‌ವಾಸಿಯವರೇ, ನಿಮ್ಮ ಪ್ರಶ್ನೆಯೊಳಗಿರುವ ಎರಡು ಊಹೆಗಳನ್ನು ಮೊದಲು ಸರಿಪಡಿಸಬೇಕು. ಅವು ಸರಿಯಾದರೆ ಅರ್ಧ ಉತ್ತರ ಸಿಕ್ಕಂತೆ. ಸೈಟೀಸ್ ಒಂದು ವ್ಯಾಪಾರ ಒಪ್ಪಂದ, ದಂಡಸಂಹಿತೆಯಲ್ಲ. 1973ರ ಮಾರ್ಚ್ 3ರಂದು ವಾಷಿಂಗ್ಟನ್ನಿನಲ್ಲಿ ಸಹಿಯಾಗಿ 1975ರ ಜುಲೈ 1ರಿಂದ ಜಾರಿಗೆ ಬಂದ ಆ ಒಪ್ಪಂದಕ್ಕೆ ಭಾರತ 1976ರಲ್ಲಿ ಸೇರಿತು. ಅದು ಜೀವಜಾತಿಗಳನ್ನು ಮೂರು ಅನುಬಂಧಗಳಲ್ಲಿ ಇರಿಸಿ, ಯಾವುದರ ವಾಣಿಜ್ಯ ವ್ಯಾಪಾರ ನಿಷಿದ್ಧ, ಯಾವುದಕ್ಕೆ ರಫ್ತು ಮಾಡುವ ದೇಶದ ಪರವಾನಗಿ ಬೇಕು ಎಂದು ಹೇಳುತ್ತದೆಯೇ ಹೊರತು ಯಾರನ್ನೂ ಜೈಲಿಗೆ ಕಳಿಸುವುದಿಲ್ಲ. ಮಾತು ತಪ್ಪುವ ದೇಶದೊಡನೆ ಈ ಜೀವಿಗಳ ವ್ಯಾಪಾರವನ್ನೇ ನಿಲ್ಲಿಸಿರೆಂದು ಉಳಿದ ಸದಸ್ಯ ದೇಶಗಳಿಗೆ ಶಿಫಾರಸು ಮಾಡಬಲ್ಲದು. ಅದರ ಕೈಯಲ್ಲಿರುವ ದೊಡ್ಡ ಅಸ್ತ್ರ ಅದು. ಶಿಕ್ಷೆ ವಿಧಿಸುವ ಕಾಯ್ದೆಯನ್ನು ಪ್ರತಿ ದೇಶವೂ ತಾನೇ ಮಾಡಿಕೊಳ್ಳಬೇಕು. ಇನ್ನು ಇಂಟರ್‌ಪೋಲಿಗೆ ಯಾವ ದೇಶದಲ್ಲಿಯೂ ಹೋಗಿ ಬಂಧಿಸುವ ತನ್ನದೇ ಪೊಲೀಸರಿಲ್ಲ. ಅದು 190ಕ್ಕೂ ಹೆಚ್ಚು ದೇಶಗಳ ಪೊಲೀಸರ ನಡುವೆ ಮಾಹಿತಿ ಹರಿಯುವ ಕಾಲುವೆ. ಭಾರತದಲ್ಲಿ ಆ ಕಾಲುವೆಯ ತೂಬು ದೆಹಲಿಯ ಸಿಬಿಐ ಬಳಿ ಇದೆ.

ನಮ್ಮ ದೇಶದ ಕಾಯ್ದೆಯಲ್ಲಿಯೇ ಬಹುಕಾಲ ಒಂದು ದೊಡ್ಡ ಕಿಂಡಿ ಇತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅನುಸೂಚಿಗಳು ನಮ್ಮ ನೆಲದ ಹುಲಿ, ಆನೆ, ಚಿಪ್ಪುಹಂದಿಗಳ ಸುತ್ತ ರಚಿತವಾಗಿದ್ದವು. ಆಫ್ರಿಕಾದ ಹೆಬ್ಬಾವಾಗಲಿ ಇಂಡೋನೇಷ್ಯಾದ ಗಿಬ್ಬನ್ ಆಗಲಿ ಸುಂಕ ಕಟ್ಟಬೇಕಾದ ಸಾಮಾನಿಲ್ಲ ಎನ್ನುವವರು ಹೊರಬರುವ ವಿಮಾನ ನಿಲ್ದಾಣದ ಹಸಿರು ದ್ವಾರವನ್ನು ದಾಟಿ ಒಮ್ಮೆ ಊರೊಳಕ್ಕೆ ಬಂದರೆ, ಕಸ್ಟಮ್ಸ್ ಕಾಯ್ದೆಯನ್ನು ಬಿಟ್ಟರೆ ಅರಣ್ಯಾಧಿಕಾರಿಯ ಕೈಗೆ ಹೆಚ್ಚೇನೂ ಸಿಗುತ್ತಿರಲಿಲ್ಲ. "ಇದು ಇಲ್ಲಿಯೇ ಹುಟ್ಟಿದ್ದು" ಎಂದು ಇಟ್ಟುಕೊಂಡವನು ಹೇಳಿದರೆ ಅಲ್ಲವೆಂದು ತೋರಿಸುವ ಹೊರೆ ಇಲಾಖೆಯ ಮೇಲೆ ಬೀಳುತ್ತಿತ್ತು. 2022ರ ತಿದ್ದುಪಡಿಯು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ, ಸೈಟೀಸ್ ಅನುಬಂಧಗಳಲ್ಲಿರುವ ಜಾತಿಗಳಿಗೆಂದೇ ನಾಲ್ಕನೆಯ ಅನುಸೂಚಿ ಸೇರಿತು. ಅಂಥ ಜೀವಂತ ಪ್ರಾಣಿಯನ್ನು ಇಟ್ಟುಕೊಂಡವರು ನೋಂದಣಿ ಮಾಡಿಸಲೇಬೇಕೆಂಬ ನಿಯಮ 2024ರಲ್ಲಿ ಬಂತು. ನಿಮ್ಮ ಸೋದರಳಿಯನಿಗೆ ತೋರಿಸಿದ ಹೆಬ್ಬಾವು ಸೈಟೀಸ್‌ನ ಎರಡನೆಯ ಅನುಬಂಧದ್ದು, ಆದ್ದರಿಂದ ಈ ಅನುಸೂಚಿಗೆ ಸೇರಿದ್ದು. "ಕಾಗದ ಆಮೇಲೆ" ಎಂಬ ಮಾತೇ ಆ ವ್ಯಾಪಾರ ಎಂಥದ್ದೆಂದು ಹೇಳಿಬಿಡುತ್ತದೆ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಇಲ್ಲಿ ಸಿಕ್ಕಿಬಿದ್ದವನ ಫೋನಿನಲ್ಲಿ ಬ್ಯಾಂಕಾಕಿನ ಒಂದು ಸಂಖ್ಯೆ ದೊರೆತಿದೆ ಎಂದಿಟ್ಟುಕೊಳ್ಳೋಣ. ಆ ಸಂಖ್ಯೆ ಯಾರದೆಂದು ಇಂಟರ್‌ಪೋಲ್ ಮೂಲಕ ಕೇಳಿದರೆ ಉತ್ತರ ಬೇಗ ಬಂದೀತು. ಆದರೆ ಅದು ಪೊಲೀಸರಿಗೆ ದಾರಿ ತೋರುವ ಮಾಹಿತಿಯಷ್ಟೇ, ನ್ಯಾಯಾಲಯ ಒಪ್ಪುವ ಸಾಕ್ಷ್ಯವಲ್ಲ. ಸಾಕ್ಷ್ಯ ಬೇಕಾದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 112ನೆಯ ಕಲಮಿನಂತೆ ಇಲ್ಲಿಯ ನ್ಯಾಯಾಲಯದಿಂದ ಕೋರಿಕೆ ಪತ್ರ ಹೊರಡಬೇಕು; ಅದು ದೆಹಲಿಯ ಸಚಿವಾಲಯಗಳನ್ನು ಹಾದು, ಭಾಷಾಂತರಗೊಂಡು, ಆ ದೇಶದ ನ್ಯಾಯಾಂಗದ ಮೂಲಕ ತನಿಖೆಯಾಗಿ, ಬಂದ ದಾರಿಯಲ್ಲಿಯೇ ಹಿಂದಿರುಗಬೇಕು. ಅಷ್ಟರಲ್ಲಿ ಇಲ್ಲಿ ಸಿಕ್ಕಿದವನಿಗೆ ಜಾಮೀನು ಸಿಕ್ಕಿರುತ್ತದೆ, ಅಲ್ಲಿಯವನು ಸಂಖ್ಯೆ ಬದಲಿಸಿರುತ್ತಾನೆ. ನನ್ನ ಅನುಭವದಲ್ಲಿ ಇಂಥ ಮೊಕದ್ದಮೆಗಳು ಸೋಲುವುದಕ್ಕೆ ಕಾನೂನಿನ ಕೊರತೆಗಿಂತ ಈ ವಿಳಂಬವೇ ಹೆಚ್ಚು ಕಾರಣ.

ಆರೋಪಿಯನ್ನೇ ಕರೆತರಬೇಕಾದರೆ ಇನ್ನೊಂದು ಷರತ್ತಿದೆ: ಆ ಕೃತ್ಯ ಎರಡೂ ದೇಶಗಳಲ್ಲಿ ಅಪರಾಧವಾಗಿರಬೇಕು, ಮತ್ತು ಸಾಕಷ್ಟು ಗಂಭೀರ ಅಪರಾಧವಾಗಿರಬೇಕು. ಸಂಘಟಿತ ಅಪರಾಧದ ವಿರುದ್ಧ 2000ದಲ್ಲಿ ಅಂಗೀಕಾರವಾದ ವಿಶ್ವಸಂಸ್ಥೆಯ ಒಡಂಬಡಿಕೆಯು, ಗರಿಷ್ಠ ಶಿಕ್ಷೆ ಕನಿಷ್ಠ ನಾಲ್ಕು ವರ್ಷವಿರುವ ಅಪರಾಧವನ್ನು ಗಂಭೀರವೆಂದು ಕರೆಯುತ್ತದೆ. ಅದರಡಿಯಲ್ಲಿ ಪರಸ್ಪರ ನೆರವು, ಜಂಟಿ ತನಿಖೆ, ಆರೋಪಿ ಹಸ್ತಾಂತರ ಎಲ್ಲವನ್ನೂ ಕೇಳಬಹುದು. ಭಾರತ ಅದನ್ನು 2011ರಲ್ಲಿ ಅನುಮೋದಿಸಿತು. ನಮ್ಮಲ್ಲಿ ವನ್ಯಜೀವಿ ಕಾಯ್ದೆಯ ಮೊದಲನೆಯ ಅನುಸೂಚಿಯ ಪ್ರಾಣಿಗಳ ವಿಷಯದಲ್ಲಿ ಮೂರರಿಂದ ಏಳು ವರ್ಷಗಳ ಶಿಕ್ಷೆ ಇರುವುದರಿಂದ ನಾವು ಆ ಬಾಗಿಲನ್ನು ತಟ್ಟಬಹುದು. ಎದುರಿನ ದೇಶದಲ್ಲಿ ಅದೇ ಕೃತ್ಯಕ್ಕೆ ಬರಿಯ ಜುಲ್ಮಾನೆ ಇದ್ದರೆ ಬಾಗಿಲು ತೆರೆಯುವುದಿಲ್ಲ. ವನ್ಯಜೀವಿ ಕಳ್ಳಸಾಗಣೆಗೆಂದೇ ಈ ಒಡಂಬಡಿಕೆಗೆ ಪ್ರತ್ಯೇಕ ಪೂರಕ ಒಪ್ಪಂದವೊಂದು ಬೇಕೆಂದು ಕೆಲವು ದೇಶಗಳು ಒತ್ತಾಯಿಸುತ್ತಿರುವುದು ಇದೇ ಕಾರಣಕ್ಕೆ, ಮತ್ತು ಅದು ಆಗಲೇಬೇಕಾದ ಕೆಲಸವೆಂದು ನಾನು ನಂಬುತ್ತೇನೆ.

ಮನಸ್ಸು ಮಾಡಿದರೆ ಏನಾಗಬಲ್ಲದು ಎಂಬುದಕ್ಕೆ ಒಂದು ಉದಾಹರಣೆ ಹೇಳುತ್ತೇನೆ. ಕನಿಷ್ಠ 190 ಕಿಲೋ ಘೇಂಡಾಮೃಗದ ಕೊಂಬು ಮತ್ತು ಹತ್ತು ಟನ್ ಆನೆದಂತದ ಸಾಗಣೆಯ ಸಂಚಿನಲ್ಲಿ ಭಾಗಿಯಾಗಿದ್ದ ಲೈಬೀರಿಯಾದ ಪ್ರಜೆಯೊಬ್ಬನನ್ನು ಉಗಾಂಡಾ 2019ರಲ್ಲಿ ಹಿಡಿದು ಅಮೆರಿಕಕ್ಕೆ ಒಪ್ಪಿಸಿತು. 2022ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯ ಅವನಿಗೆ 63 ತಿಂಗಳ ಶಿಕ್ಷೆ ವಿಧಿಸಿತು. ಅಲ್ಲಿ ಸಿಕ್ಕಿಬಿದ್ದವನು ಚೀಲ ಹೊರುವವನಲ್ಲ, ವ್ಯವಹಾರ ನಡೆಸುತ್ತಿದ್ದವನು. ಭಾರತಕ್ಕೂ ಥಾಯ್ಲೆಂಡಿಗೂ ನಡುವೆ ಆರೋಪಿ ಹಸ್ತಾಂತರದ ಒಪ್ಪಂದಕ್ಕೆ 2013ರಲ್ಲಿ ಸಹಿಯಾಗಿದೆ. ಆದ್ದರಿಂದ ಬ್ಯಾಂಕಾಕಿನ ವ್ಯಾಪಾರಿ ನಮ್ಮ ಕಾನೂನಿನ ಕೈಗೆ ಎಟುಕದವನೆಂದು ಮೊದಲೇ ಕೈಚೆಲ್ಲುವುದು ಸರಿಯಲ್ಲ.

ಉತ್ತರ: ನಿವೃತ್ತ ಅರಣ್ಯಾಧಿಕಾರಿ, ಪುಣೆ

ವಕೀಲರು ಬರೆದದ್ದಕ್ಕೆ ನನ್ನ ಪೂರ್ಣ ಸಮ್ಮತಿಯಿದೆ. ಆದರೆ ಈ ಚರ್ಚೆ ಒಳಕ್ಕೆ ಬರುವ ಪ್ರಾಣಿಗಳ ಬಗ್ಗೆ ಮಾತ್ರ ನಡೆಯುತ್ತಿದೆ. ಹೊರಕ್ಕೆ ಹೋಗುವುದರ ಬಗ್ಗೆಯೂ ಮಾತನಾಡಬೇಕು. ನಾನು ಕರ್ನಾಟಕದ ಬಯಲುಸೀಮೆಯಲ್ಲಿ ಸೇವೆ ಸಲ್ಲಿಸಿ, ಈಗ ಮಗಳ ಮನೆಯೆಂದು ಪುಣೆಯಲ್ಲಿದ್ದೇನೆ. ನಮ್ಮ ಕುರುಚಲು ಕಾಡಿನ ನಕ್ಷತ್ರ ಆಮೆಯನ್ನು ಹೊಲದ ಬದುಗಳಲ್ಲಿ ಹೆಕ್ಕಿ, ಚೀಲಗಳಲ್ಲಿ ತುಂಬಿ, ರೈಲು ಬಸ್ಸುಗಳಲ್ಲಿ ಮಹಾನಗರಗಳಿಗೆ ಸಾಗಿಸಿ, ಅಲ್ಲಿಂದ ಆಗ್ನೇಯ ಏಷ್ಯಾಕ್ಕೆ ಕಳಿಸುವ ದಂಧೆಯನ್ನು ಕಣ್ಣಾರೆ ಕಂಡವನು ನಾನು. ಹೆಕ್ಕುವ ಬಡವನಿಗೆ ಸಿಗುವುದು ಪುಡಿಗಾಸು. ಲಾಭವೆಲ್ಲ ದೂರದ ಊರಿನಲ್ಲಿ ಕುಳಿತವನಿಗೆ.

ನನ್ನ ಮೊದಲ ವರ್ಷಗಳಲ್ಲಿ ನಡೆದ ಒಂದು ಮೊಕದ್ದಮೆ ಇಂದಿಗೂ ನೋಯಿಸುತ್ತದೆ. ಆಮೆಗಳ ಸಮೇತ ಇಬ್ಬರು ಸಿಕ್ಕಿದ್ದರು. ಮಹಜರಿನಲ್ಲಿ ಬರೆದವರು ಬರಿಯ "ಆಮೆಗಳು" ಎಂದು ಬರೆದಿದ್ದರು; ಜಾತಿಯ ಹೆಸರಿಲ್ಲ, ಎಣಿಕೆಯಲ್ಲಿ ಒಂದು ಕಡೆ ಒಂದು, ಇನ್ನೊಂದು ಕಡೆ ಇನ್ನೊಂದು, ತಜ್ಞರ ಗುರುತು ಪತ್ರವಿಲ್ಲ. ಆರೋಪಿಗಳು ಬಿಡುಗಡೆಯಾದರು. ಮುಂಬೈಯವರು ಪಂಚನಾಮೆ ಎನ್ನುವ ಆ ಒಂದು ಹಾಳೆ ಸರಿಯಿಲ್ಲದಿದ್ದರೆ, ಮುಂದೆ ಸಿಂಗಾಪುರಕ್ಕಾಗಲಿ ಥಾಯ್ಲೆಂಡಿಗಾಗಲಿ ಎಷ್ಟು ಕೋರಿಕೆ ಪತ್ರ ಬರೆದರೂ ಅದಕ್ಕೆ ತಳಹದಿಯೇ ಇರುವುದಿಲ್ಲ. ದೇಶಗಳ ನಡುವಣ ಸಹಕಾರ ಎಂದರೆ ದೊಡ್ಡ ಸಭಾಂಗಣಗಳು ಮಾತ್ರ ಕಣ್ಣ ಮುಂದೆ ಬರುತ್ತವೆ. ನನ್ನ ಮಟ್ಟಿಗೆ ಅದು ಆರಂಭವಾಗುವುದು ಮಹಜರು ಬರೆಯುವ ಅರಣ್ಯ ಸಿಬ್ಬಂದಿಯ ಪೆನ್ನಿನಿಂದ. 2006ರ ತಿದ್ದುಪಡಿಯ ಫಲವಾಗಿ ವನ್ಯಜೀವಿ ಅಪರಾಧ ನಿಯಂತ್ರಣ ಬ್ಯೂರೋ ಸ್ಥಾಪನೆಯಾಗಿ, ಅರಣ್ಯ, ಪೊಲೀಸ್ ಮತ್ತು ಕಸ್ಟಮ್ಸ್ ಸಿಬ್ಬಂದಿಗೆ ಒಟ್ಟಿಗೆ ತರಬೇತಿ ಕೊಡತೊಡಗಿದ ಮೇಲೆ ಈ ವಿಷಯದಲ್ಲಿ ಬದಲಾವಣೆಯಾದದ್ದನ್ನು ನಾನು ಕಂಡಿದ್ದೇನೆ.

ಸಂತೋಷದ ಒಂದು ಸಂಗತಿಯೂ ಇದೆ. 2018ರ ನವೆಂಬರಿನಲ್ಲಿ, ಸಿಂಗಾಪುರದಲ್ಲಿ ಅಕ್ರಮವಾಗಿದ್ದ 51 ನಕ್ಷತ್ರ ಆಮೆಗಳು ವಿಮಾನದಲ್ಲಿ ಕರ್ನಾಟಕಕ್ಕೆ ಹಿಂತಿರುಗಿದವು. ಮರುವರ್ಷ ಸೈಟೀಸ್ ಸಭೆಯಲ್ಲಿ ಈ ಆಮೆಯನ್ನು, ವಾಣಿಜ್ಯ ವ್ಯಾಪಾರವನ್ನೇ ನಿಷೇಧಿಸುವ ಮೊದಲನೆಯ ಅನುಬಂಧಕ್ಕೆ ಏರಿಸಲಾಯಿತು. ಎಲ್ಲ ಚಿಪ್ಪುಹಂದಿಗಳಿಗೆ ಆ ರಕ್ಷಣೆ 2016ರಲ್ಲಿಯೇ ದೊರೆತಿತ್ತು. ಆಮೆಗಳನ್ನು ಮರಳಿ ತರುವುದು ವಿಮಾನಕ್ಕೆ ಹತ್ತಿಸಿದಷ್ಟು ಸುಲಭವಲ್ಲ. ಬೇರೆ ಬೇರೆ ದೇಶಗಳ ಪ್ರಾಣಿಗಳ ಜೊತೆಯಲ್ಲಿ ಪೆಟ್ಟಿಗೆಯಲ್ಲಿದ್ದ ಆಮೆ ಯಾವ ರೋಗವನ್ನು ಹೊತ್ತು ತಂದಿದೆಯೋ ಗೊತ್ತಿಲ್ಲದೆ ಅದನ್ನು ಕಾಡಿಗೆ ಬಿಟ್ಟರೆ, ಅಲ್ಲಿರುವ ಆರೋಗ್ಯವಂತ ಆಮೆಗಳಿಗೂ ಅಪಾಯ. ಪ್ರತ್ಯೇಕವಾಗಿ ಇರಿಸಿ ಪರೀಕ್ಷಿಸಬೇಕು, ಯಾವ ಸೀಮೆಯದೆಂದು ತಿಳಿಯಬೇಕು. ಮುಂಬೈಯಲ್ಲಿ ಸಿಕ್ಕ ವಿದೇಶಿ ಪ್ರಾಣಿಗಳನ್ನು ವಾಡಿಕೆಯಂತೆ ಬಂದ ದೇಶಕ್ಕೇ ಹಿಂದಕ್ಕೆ ಕಳಿಸುತ್ತಾರಲ್ಲ, ಅಲ್ಲಿ ನನಗೆ ಕಳವಳ ಹೆಚ್ಚು: ಮುಲುಂಡ್‌ವಾಸಿಯವರು ಹೇಳಿದ ಆ ಇರಾನಿನ ಹಾವಿಗೆ ಬ್ಯಾಂಕಾಕ್ ಏನು ತವರೇ? ವಿಮಾನ ಹೊರಟ ಊರನ್ನೇ ಪ್ರಾಣಿಯ ಮೂಲವೆಂದು ಎಣಿಸುವುದು ತಪ್ಪು. ಇದಕ್ಕೆ ಥಾಯ್ಲೆಂಡೇ 2024ರಲ್ಲಿ ಒಳ್ಳೆಯ ಮಾದರಿ ತೋರಿಸಿತು. ತನ್ನಲ್ಲಿ ಸಿಕ್ಕಿದ ಲೀಮರ್ ಎಂಬ ಕೋತಿಯಂಥ ಪ್ರಾಣಿಗಳು ಮತ್ತು ಆಮೆಗಳು, ಒಂಬೈನೂರಕ್ಕೂ ಹೆಚ್ಚು ಜೀವಿಗಳು, ಮಡಗಾಸ್ಕರಿಗೆ ಸೇರಿದವೆಂದು ಗುರುತಿಸಿ ಆ ದ್ವೀಪಕ್ಕೇ ಹಿಂದಿರುಗಿಸಿತು.

ಹುಲಿಯ ಚರ್ಮದ ವಿಷಯವನ್ನು ಹೇಳದೆ ಮುಗಿಸಲಾರೆ. 2003ರಲ್ಲಿ ಟಿಬೆಟಿನಲ್ಲಿ ಒಂದೇ ಬಾರಿಗೆ 31 ಹುಲಿ, 581 ಚಿರತೆ ಮತ್ತು 778 ನೀರುನಾಯಿಗಳ ಚರ್ಮಗಳು ಸಿಕ್ಕಿದಾಗ ನಮ್ಮ ಇಲಾಖೆಯಲ್ಲಿ ಆದ ಆಘಾತ ನನಗೆ ನೆನಪಿದೆ. ಚರ್ಮಗಳು ಭಾರತದಿಂದ ನೇಪಾಳದ ದಾರಿಯಾಗಿ ಟಿಬೆಟನ್ನು ಸೇರುತ್ತಿದ್ದವು. ಮೂರು ಕಡೆಯವರೂ ತಮ್ಮ ತಮ್ಮ ಗಡಿಯ ಒಳಗಿನದಷ್ಟನ್ನೇ ನೋಡುತ್ತಿದ್ದರು. ದಕ್ಷಿಣ ಏಷ್ಯಾದ ಎಂಟು ದೇಶಗಳ ವನ್ಯಜೀವಿ ಜಾರಿ ಜಾಲ 2011ರಲ್ಲಿ ಭೂತಾನಿನ ಪಾರೋದಲ್ಲಿ ಆರಂಭವಾದದ್ದು ಈ ಬಗೆಯ ಕುರುಡನ್ನು ನೀಗಿಸಲು. ಈಗ ಹುಲಿಯ ಪಟ್ಟೆಗಳನ್ನು ಕಾಡಿನಲ್ಲಿಟ್ಟ ಸ್ವಯಂಚಾಲಿತ ಕ್ಯಾಮೆರಾಗಳ ಚಿತ್ರಗಳೊಂದಿಗೆ ಹೋಲಿಸಿ, ನೆರೆದೇಶದಲ್ಲಿ ಸಿಕ್ಕ ಚರ್ಮ ನಮ್ಮ ಯಾವ ಕಾಡಿನ ಯಾವ ಹುಲಿಯದೆಂದು ಹೇಳಲು ಸಾಧ್ಯವಿದೆ. ಪೊಲೀಸರಿಂದ ಆಗದ ಕೆಲಸವೊಂದು ಬೇರೆ ಕಡೆಯಿಂದ ಆದದ್ದೂ ಇದೆ: 2006ರ ಜನವರಿಯಲ್ಲಿ ಆಂಧ್ರದ ಅಮರಾವತಿಯಲ್ಲಿ ನಡೆದ ಬೌದ್ಧರ ಕಾಲಚಕ್ರ ಸಮಾರಂಭದಲ್ಲಿ ದಲೈ ಲಾಮಾ ಅವರು ಕಾಡುಪ್ರಾಣಿಗಳ ಚರ್ಮ ಧರಿಸಬೇಡಿ ಎಂದು ಹೇಳಿದ ಮೇಲೆ, ಟಿಬೆಟಿನ ಜನ ತಮ್ಮ ಚರ್ಮದ ಉಡುಪುಗಳನ್ನು ತಾವೇ ರಾಶಿ ಹಾಕಿ ಸುಟ್ಟರು.

ಉತ್ತರ: ಕ್ಲಿಯರಿಂಗ್ ಏಜೆಂಟ್, ನ್ಹಾವಾ ಶೇವಾ

ಮುಂಬೈ ಪಕ್ಕದ ನ್ಹಾವಾ ಶೇವಾ ಬಂದರಿನಲ್ಲಿ ರಫ್ತುದಾರರ ಪರವಾಗಿ ಕಸ್ಟಮ್ಸ್ ಕಾಗದಪತ್ರ ನೋಡಿಕೊಳ್ಳುವವನು ನಾನು. ಬಂದರಿನ ಕಡೆಯಿಂದ ಒಂದೆರಡು ಮಾತು. ಪ್ರಯಾಣಿಕರ ಚೀಲದಲ್ಲಿ ಹೋಗುವುದು ಕಣ್ಣಿಗೆ ಬೀಳುತ್ತದೆ. ಕಂಟೇನರಿನಲ್ಲಿ ಹೋಗುವುದು ಟನ್ನುಗಳ ಲೆಕ್ಕದ್ದು. ಆಂಧ್ರದ ಕಡಪ, ಚಿತ್ತೂರು ಸೀಮೆಯ ಕಾಡಿನ ರಕ್ತಚಂದನ 1995ರಿಂದಲೂ ಸೈಟೀಸ್‌ನ ಎರಡನೆಯ ಅನುಬಂಧದಲ್ಲಿದ್ದರೂ, ನಮ್ಮ ಬಂದರಿನಲ್ಲಿ ಬೇರೆ ಸರಕಿನ ಹೆಸರು ಬರೆದ ಕಂಟೇನರುಗಳಲ್ಲಿ ಅದು ಮತ್ತೆ ಮತ್ತೆ ಸಿಕ್ಕಿದೆ. ಕಸ್ಟಮ್ಸ್‌ಗೆ ಸಲ್ಲಿಸುವ ಶಿಪ್ಪಿಂಗ್ ಬಿಲ್ ಎಂಬ ರಫ್ತು ಘೋಷಣೆಯಲ್ಲಿ ಒಂದು ಸರಕು, ಒಳಗೆ ಇನ್ನೊಂದು. ಕಾರ್ಖಾನೆಯಲ್ಲಿ ಹಾಕಿದ ಸೀಲನ್ನು ದಾರಿಯಲ್ಲಿ ಬಿಚ್ಚಿ ಸರಕು ಬದಲಿಸಿ ಮತ್ತೆ ಹಾಕುವುದೂ ಉಂಟು. ಕೊನೆಯ ಊರು ಚೀನಾ ಆಗಿದ್ದರೂ ಕಾಗದದಲ್ಲಿ ಮೊದಲು ಬೇರೊಂದು ಬಂದರಿನ ಹೆಸರಿರುತ್ತದೆ, ಅಲ್ಲಿ ಕಾಗದ ಬದಲಾಗುತ್ತದೆ.

ಎಲ್ಲ ಕಂಟೇನರುಗಳನ್ನೂ ತೆರೆದು ನೋಡುವುದು ಯಾವ ಬಂದರಿಗೂ ಸಾಧ್ಯವಿಲ್ಲ. ಆದ್ದರಿಂದ ಯಾವುದನ್ನು ತೆರೆಯಬೇಕೆಂಬ ಸುಳಿವು ಮುಂಚಿತವಾಗಿ ಬರಬೇಕು, ಮತ್ತು ಅದು ಅನೇಕ ವೇಳೆ ಇನ್ನೊಂದು ದೇಶದ ಕಸ್ಟಮ್ಸ್‌ನಿಂದಲೇ ಬರಬೇಕು. ಸೈಟೀಸ್ ಕಾರ್ಯಾಲಯ, ಇಂಟರ್‌ಪೋಲ್, ವಿಶ್ವಸಂಸ್ಥೆಯ ಮಾದಕವಸ್ತು ಮತ್ತು ಅಪರಾಧ ಕಚೇರಿ, ವಿಶ್ವ ಬ್ಯಾಂಕ್ ಹಾಗೂ ವಿಶ್ವ ಕಸ್ಟಮ್ಸ್ ಸಂಸ್ಥೆ, ಈ ಐದೂ 2010ರಲ್ಲಿ ಒಂದು ಕೂಟ ಕಟ್ಟಿಕೊಂಡ ಉದ್ದೇಶವೇ ಈ ಕೊಂಡಿಗಳನ್ನು ಬೆಸೆಯುವುದು. 2024ರ ನವೆಂಬರ್–ಡಿಸೆಂಬರಿನಲ್ಲಿ ಇಂಟರ್‌ಪೋಲ್ ಮತ್ತು ವಿಶ್ವ ಕಸ್ಟಮ್ಸ್ ಸಂಸ್ಥೆ ನಡೆಸಿದ "ಥಂಡರ್" ಕಾರ್ಯಾಚರಣೆಯಲ್ಲಿ 138 ದೇಶ ಮತ್ತು ಪ್ರಾಂತಗಳು ಸೇರಿ ಸುಮಾರು 20,000 ಜೀವಂತ ಪ್ರಾಣಿಗಳನ್ನು ವಶಪಡಿಸಿಕೊಂಡು 365 ಮಂದಿಯನ್ನು ಬಂಧಿಸಿದರು. ಒಂದು ತಿಂಗಳು ನಡೆಯುವ ಈ ಎಚ್ಚರ ವರ್ಷವಿಡೀ ಇರಬೇಕೆಂಬುದು ನನ್ನ ಆಸೆ. ನಮ್ಮ ವೃತ್ತಿಯವರ ಪಾಲೂ ಇದರಲ್ಲಿದೆ. ಹೊಸ ರಫ್ತುದಾರ, ಸಣ್ಣ ಬಂಡವಾಳ, ತೂಕಕ್ಕೂ ಬೆಲೆಗೂ ತಾಳೆಯಾಗದ ಸರಕು, ಕಮಿಷನ್ ಮಾತ್ರ ಹೆಚ್ಚು ಎಂದಾಗ ಸಹಿ ಹಾಕುವ ಮುನ್ನ ಕೇಳಬೇಕಾದದ್ದನ್ನು ಕೇಳದವನು ನಿರಪರಾಧಿಯೆಂದು ನಾನು ಒಪ್ಪಲಾರೆ.

ಮರುಪ್ರಶ್ನೆ: ಮುಲುಂಡ್‌ವಾಸಿ

ಮೂವರಿಗೂ ಹೃತ್ಪೂರ್ವಕ ವಂದನೆಗಳು. ಅರಣ್ಯಾಧಿಕಾರಿಗಳು ಮಹಜರಿನ ಬಗ್ಗೆ ಬರೆದದ್ದನ್ನು ಅಕ್ಕನ ಮಗನಿಗೆ ಓದಿ ಹೇಳಿದೆ. ಅವನ ಬಳಿ ಆ ಮಾರಾಟಗಾರನ ಸಂದೇಶಗಳೂ ಫೋಟೋಗಳೂ ಹಾಗೆಯೇ ಇವೆ. ಕೊಳ್ಳುವವನಂತೆ ನಟಿಸಿ ಇನ್ನಷ್ಟು ವಿವರ ಪಡೆಯಲೇ ಎಂದು ಕೇಳುತ್ತಿದ್ದಾನೆ. ಇದು ಸರಿಯೇ? ಯಾರಿಗೆ ದೂರು ಕೊಡಬೇಕು?

ಉತ್ತರ: ಫೋರ್ಟ್‌ನ ವಕೀಲ

ದಯವಿಟ್ಟು ನಟಿಸಬೇಡಿರೆಂದು ಹೇಳಿ. ಮುಂಗಡ ಹಣ ಕಳಿಸಿದರೆ ನಾಳೆ ಅವನೇ ಖರೀದಿದಾರನೆಂದು ದಾಖಲೆಯಾಗಬಹುದು. ಅಲ್ಲದೆ ಮಾರಾಟಗಾರ ಎಚ್ಚೆತ್ತು ಎಲ್ಲವನ್ನೂ ಅಳಿಸಿಬಿಡುತ್ತಾನೆ. ಇರುವ ಸಂದೇಶಗಳನ್ನು ಅಳಿಸದೆ, ದಿನಾಂಕ ಮತ್ತು ಸಂಖ್ಯೆ ಕಾಣುವಂತೆ ಚಿತ್ರ ತೆಗೆದಿಟ್ಟುಕೊಳ್ಳಲಿ. ಮೂಲ ಫೋನನ್ನು ಬದಲಿಸದಿರಲಿ, ಏಕೆಂದರೆ ನ್ಯಾಯಾಲಯ ಕೇಳುವುದು ಅದನ್ನೇ. ಹಣ ಹಾಕಲು ಕೊಟ್ಟ ಖಾತೆಯ ವಿವರವಿದ್ದರೆ ಅದು ಎಲ್ಲಕ್ಕಿಂತ ಬೆಲೆಯುಳ್ಳದ್ದು. ವನ್ಯಜೀವಿ ಕಾಯ್ದೆಯ ಅಪರಾಧಗಳು ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ ಪಟ್ಟಿಯಲ್ಲಿಯೂ ಇವೆ. ಹಾವನ್ನು ಹಿಂಬಾಲಿಸಿ ಬ್ಯಾಂಕಾಕಿಗೆ ತಲುಪಲಾಗದಿದ್ದರೂ ಹಣವನ್ನು ಹಿಂಬಾಲಿಸಿ ತಲುಪಬಹುದು.

ಮಹಾರಾಷ್ಟ್ರ ಅರಣ್ಯ ಇಲಾಖೆಯ ಸಹಾಯವಾಣಿ 1926. ವನ್ಯಜೀವಿ ಅಪರಾಧ ನಿಯಂತ್ರಣ ಬ್ಯೂರೋದ ಪಶ್ಚಿಮ ವಲಯದ ಕಚೇರಿ ನವಿ ಮುಂಬೈಯ ಬೇಲಾಪುರದಲ್ಲಿದೆ. ಮಾಲು ವಿದೇಶದ್ದಾಗಿರುವುದರಿಂದ ಅಲ್ಲಿಗೇ ಲಿಖಿತವಾಗಿ ಕೊಡುವುದು ಒಳ್ಳೆಯದು. ಸ್ವೀಕೃತಿ ಪಡೆಯಲು ಮರೆಯಬೇಡಿ. ಅಧಿಕಾರಿಗಳು ಏನೂ ಮಾಡದಿದ್ದರೆ, ಕಾಯ್ದೆಯ 55ನೆಯ ಕಲಮಿನಂತೆ 60 ದಿನಗಳ ನೋಟಿಸು ಕೊಟ್ಟು ಯಾವ ನಾಗರಿಕನೂ ನೇರವಾಗಿ ನ್ಯಾಯಾಲಯಕ್ಕೆ ದೂರು ಸಲ್ಲಿಸಬಹುದು.

ಮುಲುಂಡ್‌ವಾಸಿ

ಬರುವ ಶನಿವಾರ ಅವನು ಪುಣೆಯಿಂದ ಬರುತ್ತಿದ್ದಾನೆ. ದೂರಿನ ಕರಡನ್ನು ಮರಾಠಿಯಲ್ಲಿಯೂ ಇಂಗ್ಲಿಷಿನಲ್ಲಿಯೂ ಸಿದ್ಧಪಡಿಸಿಕೊಂಡು ಸೋಮವಾರ ಬೆಳಿಗ್ಗೆ ನಾವಿಬ್ಬರೂ ಬೇಲಾಪುರಕ್ಕೆ ಹೋಗುತ್ತೇವೆ. ಸ್ವೀಕೃತಿ ಸಿಕ್ಕಿದ ಮೇಲೆ ಇಲ್ಲಿ ತಿಳಿಸುತ್ತೇನೆ.